‘ಎಂತ ಇಲ್ಲ’ ಎಂದವರು

ಎಲೆಯ ಮುಂದೆ ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸಬಾರದು ಎಂಬ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ಸಾಯುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಕಣ್ಣಾರೆ ಕಂಡ ಮೇಲೆ ನಗು ಬರುವುದಿಲ್ಲ. ವರ್ಷವಾಗುತ್ತ ಬಂತು, ಇನ್ನೂ ನಂಬಿಕೆಯೂ ಬರುತ್ತಿಲ್ಲ. ಟ್ರಾಮಿನಲ್ಲಿ ಕೂತಿರುವಾಗ, ಆಮ್ಸ್ಟೆಲ್‌ವೀನಿನ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿರುವಾಗ ಇದ್ದಕ್ಕಿದ್ದ ಹಾಗೆ ನೆನಪಾಗಿ, ‘ಅಯ್ಯೋ ದೇವರೇ, ಹೀಗೂ ಆಗುತ್ತಾ!’ ಎಂದು ಬಾಯಿಂದ ಬಂದುಬಿಡುತ್ತದೆ. ಪಕ್ಕದವರು ತಿರುಗಿ ನೋಡುತ್ತಾರೆ.

ತೀರಿಕೊಂಡವರ ಹೆಸರು ಬರೆಯುವುದಿಲ್ಲ. ಆಫೀಸಿನಲ್ಲಿ ತಮ್ಮ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿ ಹಾಡಲು ಶುರು ಮಾಡುತ್ತಾರೆಂದು ಗೊತ್ತಾದರೆ ಟಾಯ್ಲೆಟ್ಟಿಗೆ ಹೋಗಿ ಕೂರುತ್ತಿದ್ದ ಮನುಷ್ಯ ಅವರು. ಅಚ್ಚಿನಲ್ಲಿ ಹೆಸರು ಹಾಕಿದರೆ ಹೋದಲ್ಲಿಯೂ ಅವರಿಗೆ ಮುಜುಗರವಾದೀತು.

ನಾನು ಮೈಸೂರಿನವಳು, ಅವರು ಉಡುಪಿಯ ಕಡೆಯವರು. ನಾನು ಗಂಡನ ಜೊತೆ ಈ ಡಚ್ಚರ ದೇಶಕ್ಕೆ ಬಂದು ಐಂಡ್‌ಹೋವನ್ನಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದಾಗ, ಅವರು ಆಗಲೇ ಅಲ್ಲಿ ಹಳಬರು. ವಯಸ್ಸಿನಲ್ಲಿ ನನ್ನ ಚಿಕ್ಕಪ್ಪನಷ್ಟು. ನಾನು ‘ಸರ್’ ಎನ್ನುತ್ತಿದ್ದೆ, ಅವರು ನನ್ನನ್ನು ಕೊನೆಯವರೆಗೂ ‘ನೀವು’ ಎಂದೇ ಕರೆದರು. ಅವರ ಹೆಂಡತಿ ಮಾತ್ರ ಮೊದಲ ದಿನವೇ ನನ್ನನ್ನು ‘ಮಾರಾಯ್ತಿ’ ಮಾಡಿಕೊಂಡರು. ನಾನು ಅವರನ್ನು ಅಕ್ಕ ಎಂದೆ. ಗಂಡ ಹೆಂಡತಿ ತಮ್ಮೊಳಗೆ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನಮ್ಮೊಡನೆ ಆ ಕಡೆಯ ಮೆತ್ತನೆಯ ಕನ್ನಡ. ಆ ಕನ್ನಡದಲ್ಲಿ ಸರ್ ಅತಿ ಹೆಚ್ಚು ಬಳಸುತ್ತಿದ್ದ ಮಾತು ‘ಎಂತ ಇಲ್ಲ.’ ಏನೂ ಇಲ್ಲ ಎಂದು ಅರ್ಥ. ಅವರ ಬಾಯಲ್ಲಿ ಅದು ಬಂದರೆ ಏನೋ ಇದೆ ಎಂದು ತಿಳಿಯಬೇಕಿತ್ತು.

ಅವರಿಗೆ ಈ ದೇಶದಲ್ಲಿ ಬಂದ ಮೊದಲ ಕಷ್ಟ ಕಾಫಿಯದು. ಇಲ್ಲಿನ ಆಫೀಸುಗಳಲ್ಲಿ ಒಬ್ಬ ಕಾಫಿಗೆ ಎದ್ದರೆ ಸುತ್ತಲಿನವರನ್ನೆಲ್ಲ ಕೇಳಿ ಎಲ್ಲರಿಗೂ ತರುತ್ತಾನೆ. ಇವರನ್ನೂ ಕೇಳುತ್ತಿದ್ದರು. ಇವರು ‘ಬೇಡ ಬೇಡ’ ಎನ್ನುತ್ತಿದ್ದರು. ನಮ್ಮ ಕಡೆ ಮೊದಲನೆಯ ‘ಬೇಡ’ ಎಂದರೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ, ಮರ್ಯಾದೆಯ ಮಾತು. ಒಳಗೆ ಕರೆಯುವವರು ಇನ್ನೊಮ್ಮೆ ಕರೆಯಬೇಕು. ಡಚ್ಚರಿಗೆ ಬೇಡ ಎಂದರೆ ಬೇಡ. ಅವರು ಉಳಿದವರಿಗೆ ಕಾಫಿ ತಂದುಕೊಟ್ಟು ಕೂತುಬಿಡುತ್ತಿದ್ದರು. ಇವರು ಆ ಪರಿಮಳ ಕುಡಿಯುತ್ತ ಕೆಲಸ ಮಾಡುತ್ತಿದ್ದರು.

‘ಸರ್, ಹೌದು ಅಂದ್ಬಿಡಿ. ಒಂದ್ ಸಲ ಯೆಸ್ ಅಂದ್ರೆ ಏನ್ ಗಂಟು ಹೋಗುತ್ತೆ?’ ಎಂದೆ ನಾನು.

‘ಹಾಗೆ ಕೇಳಿದ ಕೂಡ್ಲೆ ಹೌದು ಅನ್ನುದು ಹೇಗೆ ಮಾರಾಯ್ರೆ? ಅವ ಎಂತ ಗ್ರಹಿಸಿಯಾನು?’

‘ಕಾಫಿ ಬೇಕು ಅಂತ ಗ್ರಹಿಸ್ತಾನೆ ಸರ್!’

ನಕ್ಕರು. ಮರುದಿನ ಮತ್ತೆ ಬೇಡ ಬೇಡ. ಅಂಥವರ ಬಗ್ಗೆ ನಮ್ಮಜ್ಜಿ ಒಂದು ಗಾದೆ ಹೇಳುತ್ತಿದ್ದಳು, ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗವಿಲ್ಲ ಅಂತ. ಹಿರಿಯರ ಎದುರಿಗೆ ಆಡುವ ಮಾತಲ್ಲವಾದ್ದರಿಂದ ಎಷ್ಟೋ ಸಲ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ.

ಅವರ ಮನೆಗೆ ಹೋದಾಗ ಅಕ್ಕ ಅವರನ್ನು ಕೇಳುವ ಕ್ರಮ ನೋಡಬೇಕಿತ್ತು. ಒಲೆಯ ಕಡೆಯಿಂದಲೇ ‘ಕಾಫಿ?’ ಎನ್ನುತ್ತಿದ್ದರು. ಇವರು ಬೇಡ. ‘ಸ್ವಲ್ಪ?’ ಬೇಡ. ‘ಅರ್ಧ ಲೋಟ?’ ಎನ್ನುವ ಹೊತ್ತಿಗೆ ಲೋಟ ತುಂಬಿರುತ್ತಿತ್ತು, ಇವರ ಕೈ ಮುಂದೆ ಚಾಚಿರುತ್ತಿತ್ತು. ಅಕ್ಕನಿಗೆ ತಾನು ಕೇಳುತ್ತಿದ್ದೇನೆ ಎಂಬುದೇ ಗೊತ್ತಾಗುತ್ತಿರಲಿಲ್ಲವೋ ಏನೋ, ಉಸಿರಾಡಿದ ಹಾಗೆ ಕೇಳುತ್ತಿದ್ದರು.

2011ರಲ್ಲಿ ನಮ್ಮಿಬ್ಬರನ್ನು ಕಂಪನಿ ಕುರಸಾವ್ ದ್ವೀಪದ ವಿಲ್ಲೆಮ್‌ಸ್ಟಾಡ್ ಎಂಬ ಊರಿಗೆ ಕಳಿಸಿತು. ನಕಾಶೆಯಲ್ಲಿ ಅದು ವೆನೆಜುವೆಲಾದ ನೆತ್ತಿಯ ಮೇಲೆ, ಕೆರಿಬಿಯನ್ ಸಮುದ್ರದಲ್ಲಿದೆ. ಆದರೆ ಡಚ್ ರಾಜಮನೆತನದ ಆಳ್ವಿಕೆಗೆ ಸೇರಿದ್ದು. ಅಲ್ಲಿನ ಒಂದು ವಿಮಾ ಕಂಪನಿಗೆ ನಮ್ಮ ಸಾಫ್ಟ್‌ವೇರ್ ಕೂರಿಸುವ ಕೆಲಸ. ಗೆಳತಿಯರೆಲ್ಲ ‘ಅಯ್ಯೋ ಲಕ್ಕಿ ಕಣೇ ನೀನು, ಬೀಚು!’ ಎಂದು ಹೊಟ್ಟೆ ಉರಿದುಕೊಂಡರು. ನಮ್ಮ ಮ್ಯಾನೇಜರ್ ಮಾತ್ರ ಗಟ್ಟಿಗ. ‘ಸಮುದ್ರದ ಪಕ್ಕದ ಹೋಟೆಲುಗಳು ರಜೆಗೆ ಹೋಗುವವರಿಗೆ. ನೀವು ಕೆಲಸಕ್ಕೆ ಹೋಗುತ್ತಿದ್ದೀರಿ’ ಎಂದು ಹಳೆಯ ಊರಿನ ಗಲ್ಲಿಯೊಂದರಲ್ಲಿ ಅಗ್ಗದ ಹೋಟೆಲು ಹಿಡಿದುಕೊಟ್ಟ.

ವಿಮಾನ ಇಳಿದು ಟ್ಯಾಕ್ಸಿಯಲ್ಲಿ ಊರೊಳಗೆ ಬಂದಾಗ ನಾನು ಕಿಟಕಿಗೆ ಮುಖ ಹಚ್ಚಿದೆ. ನಮ್ಮ ಆಮ್ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಮನೆಗಳೇ! ಅದೇ ಕಿರಿದಾದ ಮುಖ, ಅದೇ ಮೆಟ್ಟಿಲು ಮೆಟ್ಟಿಲಾದ ನೆತ್ತಿ. ಆದರೆ ಯಾರೋ ಹಿಡಿದು ಹೋಳಿ ಆಡಿಸಿದ ಹಾಗೆ ಒಂದು ಹಳದಿ, ಒಂದು ನೀಲಿ, ಒಂದು ಗುಲಾಬಿ. ಮೇಲೆ ನೆತ್ತಿ ಸೀಳುವ ಬಿಸಿಲು. ಊರಿನ ನಡುವೆ ಸಮುದ್ರ ಕಾಲುವೆಯಂತೆ ಒಳಗೆ ಬಂದಿದೆ. ಆಫೀಸು ಒಂದು ದಡದಲ್ಲಿ, ನಮ್ಮ ಹೋಟೆಲು ಇನ್ನೊಂದು ದಡದ ಓಟ್ರೊಬಾಂಡಾದಲ್ಲಿ. ಆ ಹೆಸರಿಗೇ ‘ಆಚೆ ದಡ’ ಎಂದು ಅರ್ಥವಂತೆ.

ಹೋಟೆಲು ಎಂದರೆ ಯಾರೋ ಹಳೆಯ ವ್ಯಾಪಾರಿಯ ಎರಡಂತಸ್ತಿನ ಮನೆ. ಕಿರುಗುಟ್ಟುವ ಮರದ ಮೆಟ್ಟಿಲು, ನಡುವೆ ತೊಟ್ಟಿಯಂಥ ಅಂಗಳ, ಗೋಡೆಯ ಮೇಲೆ ತನ್ನದೇ ಮನೆ ಎಂಬಂತೆ ಮಲಗಿದ ಒಂದು ಓತಿ, ನಮ್ಮ ಓತಿಕ್ಯಾತದ ಮುತ್ತಾತ. ಅದನ್ನು ನೋಡಿ ನಾನು ಕಿಟಾರನೆ ಕಿರುಚಿದೆ. ಇವರು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಂತರು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ಪಕ್ಕಕ್ಕೆ ನಿಂತು ‘ಹೋಗಲಿ ಪಾಪ’ ಎಂದರು.

ಹೋಟೆಲಿನ ಒಡತಿ ಅರವತ್ತು ದಾಟಿದ ಭಾರೀ ಹೆಂಗಸು. ದನಿಯೂ ಭಾರೀ. ಡಚ್ಚು, ಇಂಗ್ಲಿಷು, ಅಲ್ಲಿನ ಪಾಪಿಯಮೆಂತು ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುವಳು. ಕಂಡಕಂಡವರನ್ನೆಲ್ಲ ‘ದುಶಿ’ ಎನ್ನುವಳು, ನಮ್ಮಲ್ಲಿ ಚಿನ್ನ, ರಾಜ ಎಂದ ಹಾಗೆ. ಅವಳು ಹೇಳಿದ ದಾರಿಯಲ್ಲಿ ಹೋದರೆ ಬೇರೆಲ್ಲೋ ಹೋಗಿ ಸೇರುತ್ತಿದ್ದೆವು. ಮೀನು ಮಾಂಸವಲ್ಲ ಎಂಬುದು ಅವಳ ದೃಢವಾದ ನಂಬಿಕೆ. ಬೆಂಡೆಕಾಯಿಯ ಲೋಳೆ ಸಾರು ತಂದಿಟ್ಟಳು, ಅದರಲ್ಲಿ ಮೀನು. ಸಸ್ಯಾಹಾರಿಗಳು ಎಂದೆವು. ‘ಗೊತ್ತು ದುಶಿ, ಅದಕ್ಕೇ ಮೀನು ಹಾಕಿದ್ದು’ ಎಂದಳು.

ಆದರೆ ಅವಳು ಮಾಡುವ ಫುಂಚಿ ಎಂಬ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ನೋಡಿ ನನಗೆ ತವರು ಕಂಡ ಹಾಗಾಯಿತು. ‘ಸರ್, ಮುದ್ದೆ! ಬಣ್ಣ ಒಂದು ಬೇರೆ, ಅಷ್ಟೇ!’ ಎಂದು ಕುಣಿದೆ. ಇವರು ಕುಚ್ಚಲಕ್ಕಿಯವರು, ಮುದ್ದೆಯ ಗೊಡವೆ ಇಲ್ಲ. ಒಡತಿ ಬಡಿಸಲು ಬಂದಾಗ ಕ್ರಮದಂತೆ ‘ಬೇಡ ಬೇಡ’ ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಅವಳು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ಒಂದು ದೊಡ್ಡ ಮುದ್ದೆ ಹಾಕಿದಳು. ಮತ್ತೆ ಬೇಡ ಎಂದರು, ಇನ್ನೊಂದು ಬಿತ್ತು. ಇಷ್ಟು ವರ್ಷ ಒಂದು ‘ಬೇಡ’ಕ್ಕೇ ತಟ್ಟೆ ಎತ್ತಿಕೊಂಡು ಹೋಗುವವರ ನಡುವೆ ಬದುಕಿದ ಮನುಷ್ಯ, ಆ ತಟ್ಟೆಯನ್ನು ನೋಡಿ ಏನು ಮಾಡಬೇಕೆಂದು ತೋಚದೆ ನಕ್ಕರು. ಅಷ್ಟು ಬಾಯಿ ತುಂಬ ಅವರು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಎರಡು ದಡಗಳ ನಡುವೆ ಒಂದು ತೇಲುವ ಸೇತುವೆ. ದೋಣಿಗಳ ಸಾಲಿನ ಮೇಲೆ ಹಲಗೆ ಹಾಸಿದ್ದು. ಹಡಗು ಬಂದರೆ ಗಂಟೆ ಬಾರಿಸಿ, ಇಡೀ ಸೇತುವೆಯನ್ನು ಬಾಗಿಲು ತೆರೆದ ಹಾಗೆ ಒಂದು ದಡದ ಕಡೆಗೆ ತಿರುಗಿಸುತ್ತಾರೆ. ಗಂಟೆ ಬಾರಿಸಿದ ಕೂಡಲೇ ಜನ ಓಡುತ್ತಾರೆ. ಒಂದು ಬೆಳಿಗ್ಗೆ ನಾನೂ ಓಡಿ ದಾಟಿದೆ. ಹಿಂದೆ ತಿರುಗಿದರೆ ಇವರು ಸೇತುವೆಯ ತುದಿಯ ಗೇಟಿನ ಒಳಗೇ ನಿಂತು ‘ನೀವು ಹೋಗಿ, ನೀವು ಹೋಗಿ’ ಎಂದು ಎಲ್ಲರಿಗೂ ದಾರಿ ಬಿಡುತ್ತಿದ್ದಾರೆ. ಕೊನೆಗೆ ಗೇಟು ಮುಚ್ಚಿತು. ಸೇತುವೆ ಹೊರಟೇಬಿಟ್ಟಿತು. ಟೈ ಕಟ್ಟಿಕೊಂಡು, ಲ್ಯಾಪ್‌ಟಾಪು ಎದೆಗಪ್ಪಿಕೊಂಡು, ಸೇತುವೆಯ ಜೊತೆ ಅವರೂ ಮೆಲ್ಲಗೆ ತೇಲಿಕೊಂಡು ದೂರ ಹೋದರು. ಬೆಟ್ಟದಂಥ ಹಡಗೊಂದು ನಮ್ಮಿಬ್ಬರ ನಡುವೆ ಹಾದುಹೋಯಿತು. ಅದು ಸರಿದ ಮೇಲೆ ನೋಡಿದರೆ ಆಚೆಯಿಂದ ಕೈ ಬೀಸಿ ‘ಎಂತ ಇಲ್ಲ, ಎಂತ ಇಲ್ಲ’ ಎನ್ನುತ್ತಿದ್ದಾರೆ. ಮೀಟಿಂಗಿನಲ್ಲಿ ನಮಗಾಗಿ ಕಾದವರ ಮುಖ ನೆನೆದು ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವರ ಕೋಣೆಯ ಕತೆ ಇನ್ನೂ ಚೆಂದ. ಒಂದು ದಿನ ಫೈಲು ತರಲೆಂದು ಅವರ ಬಾಗಿಲಿಗೆ ಹೋದೆ. ತೆರೆದರು. ಒಳಗೆ ನೋಡಿದವಳು ಹೌಹಾರಿದೆ. ಏಸಿಯಿಂದ ನೀರು ನೇರ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿದೆ. ಇವರು ದಿಂಬಿನ ಪಕ್ಕದಲ್ಲಿ ತಮ್ಮ ಊಟದ ಡಬ್ಬಿ ಇಟ್ಟು ನೀರು ಹಿಡಿಯುತ್ತಿದ್ದಾರೆ. ಡಬ್ಬಿಯ ಸುತ್ತ ಮಲಗಲು ಉಳಿದ ಜಾಗದಲ್ಲಿ ಒಂದು ಮಗುವೂ ಕಾಲು ಚಾಚುವಂತಿಲ್ಲ.

‘ಸರ್, ಇದೇನಿದು? ಬಂದ ದಿನದಿಂದ ಹೀಗೇನಾ?’

‘ಎಂತ ಇಲ್ಲ. ಸ್ವಲ್ಪ ನೀರು. ತಂಪು ಉಂಟು ಒಂದು ರೀತಿ.’

ನನಗೆ ರೇಗಿಹೋಯಿತು. ಕೆಳಗಿಳಿದು ಒಡತಿಗೆ ಚೆನ್ನಾಗಿ ಬೈದೆ. ಅವಳು ಎರಡೂ ಕೈ ಸೊಂಟದ ಮೇಲಿಟ್ಟು ನನ್ನನ್ನೇ ದಬಾಯಿಸಿದಳು. ‘ದಿನಾ ಬೆಳಿಗ್ಗೆ ರೂಮು ಹೇಗಿದೆ ಅಂತ ಕೇಳ್ತೀನಿ. ವೆರಿ ಗುಡ್, ವೆರಿ ಗುಡ್ ಅಂತಾನೆ! ನಾನೇನು ಮಂತ್ರವಾದಿನಾ?’ ಎಂದಳು. ಅವತ್ತಿನಿಂದ ಅವಳಿಗೆ ಇವರ ಮೇಲೆ ಒಂದು ಕಣ್ಣು. ಕೋಣೆ ಬದಲಾಯಿಸಿದಳು. ಮಾರನೆಯ ಬೆಳಿಗ್ಗೆ ‘ವೆರಿ ಗುಡ್’ ಎಂದರೆ ನಂಬದೆ, ತಾನೇ ಮೇಲೆ ಹತ್ತಿಹೋಗಿ ಹಾಸಿಗೆ ಮುಟ್ಟಿ ನೋಡಿ ಬಂದಳು.

ಕೆಲಸ ಮುಗಿಯುತ್ತ ಬಂದಿತ್ತು, ವಿಮಾ ಕಂಪನಿಯವರಿಗೆ ಅದನ್ನು ತೋರಿಸುವ ಡೆಮೋ ಒಂದು ಬಾಕಿ. ಇವರು ಊಟ ಬಿಟ್ಟರು. ಬೆಳಿಗ್ಗೆ ಬರೀ ನೀರು ಕುಡಿದು ಆಫೀಸಿಗೆ ಬಂದರು. ಮಾತಾಡುವಾಗ ಮೇಜಿನ ಅಂಚು ಹಿಡಿದು ಬಗ್ಗಿ ನಿಲ್ಲುತ್ತಿದ್ದರು. ನಾನು ಕೇಳಿದೆ, ‘ಎಂತ ಇಲ್ಲ, ಗ್ಯಾಸು’ ಎಂದರು. ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದೆ, ‘ಆ ಡೆಮೋ ಮುಗೀಲಿ’ ಎಂದರು. ಡೆಮೋ ಮುಗಿಯಿತು. ಅವರು ಚೆನ್ನಾಗಿಯೇ ಮಾತಾಡಿದರು. ಶರ್ಟು ಮಾತ್ರ ಬೆನ್ನಿಗೆ ಅಂಟಿಹೋಗಿತ್ತು. ಇಷ್ಟು ಬಿಸಿಲಿನ ಊರು, ಯಾರ ಬೆನ್ನು ಒದ್ದೆಯಾಗಿಲ್ಲ?

ಹೋಟೆಲಿಗೆ ಬಂದಾಗ ಒಡತಿಗೆ ಕೋಪ ಬಂದಿತ್ತು. ನೋವು ಗೀವು ಅವಳ ತಲೆಯಲ್ಲಿರಲಿಲ್ಲ. ತನ್ನ ಫುಂಚಿಯನ್ನು ಈ ಮನುಷ್ಯ ಬಿಟ್ಟಿದ್ದಾನೆ, ತನಗೆ ಅವಮಾನವಾಗಿದೆ ಎಂಬುದೇ ಅವಳ ಲೆಕ್ಕ. ‘ತಿನ್ನುತ್ತೀಯಾ?’ ಎಂದಳು. ಬೇಡ ಎಂದು ಮೆಟ್ಟಿಲು ಹತ್ತಿದರು. ತಟ್ಟೆ ತೆಗೆದುಕೊಂಡು ಹಿಂದೆಯೇ ಹೋಗಿ ಬಾಗಿಲು ತಟ್ಟಿ ಮತ್ತೆ ಕೇಳಿದಳು. ಬೇಡ ಎಂದರು. ಅವಳು ಒಳಗೇ ನುಗ್ಗಿ, ಹಾಸಿಗೆಯ ಮೇಲೆ ಅವರ ಪಕ್ಕ ದೊಪ್ಪನೆ ಕೂತು, ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ನಾನು ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೇನೆ. ಉಡುಪಿಯ ಆ ಮಡಿವಂತ ಮನುಷ್ಯನ ಗಲ್ಲವನ್ನು ಹಾಗೆ ಹಿಡಿದವರು ಅವರ ತಾಯಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ.

‘ದುಶಿ, ಯಾಕೆ ತಿನ್ನುತ್ತಿಲ್ಲ? ಹೇಳು.’

ಅವರು ಅವಳ ಮುಖ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ, ‘ತುಂಬಾ ನೋವಿದೆ. ಮೊನ್ನೆಯಿಂದ. ತಡೆಯಲು ಆಗುತ್ತಿಲ್ಲ’ ಎಂದರು. ಕಣ್ಣಲ್ಲಿ ನೀರು.

ಮೊನ್ನೆಯಿಂದ! ಒಡತಿ ತಟ್ಟೆಯನ್ನು ನನ್ನ ಕೈಗೆ ತುರುಕಿ, ಕಿಟಕಿಯಿಂದ ಇಡೀ ಗಲ್ಲಿಗೆ ಕೇಳುವ ಹಾಗೆ ಯಾರನ್ನೋ ಕೂಗಿದಳು. ಪಕ್ಕದ ಮನೆಯವನ ಪಿಕಪ್ ಬಂತು. ಮೆಟ್ಟಿಲಿಳಿಯುವಾಗಲೂ ಇವರು ‘ಸುಮ್ನೆ ನಿಮಗೆಲ್ಲ ತೊಂದ್ರೆ’ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಎಂದರು, ಒಡೆಯುವುದರಲ್ಲಿತ್ತು ಎಂದರು, ಆಪರೇಷನ್ನಿಗೆ ಒಯ್ದೇಬಿಟ್ಟರು. ಟ್ರಾಲಿಯ ಮೇಲೆ ಮಲಗಿದವರು ಸರ್ಜನ್ನಿಗೆ ಕೈಮುಗಿದು, ಊಟದ ಹೊತ್ತಿನಲ್ಲಿ ಕರೆಸಿದ್ದಕ್ಕೆ ಕ್ಷಮೆ ಕೇಳಿದರು. ಸರ್ಜನ್ ತಬ್ಬಿಬ್ಬಾಗಿ ನನ್ನ ಮುಖ ನೋಡಿದ. ನಾನು ಓಡಿಹೋಗಿ ಐಂಡ್‌ಹೋವನ್ನಿಗೆ ಫೋನ್ ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ, ಒಂದಕ್ಷರ ಮುಚ್ಚಿಡದೆ.

ಅವರು ಚೇತರಿಸಿಕೊಂಡರು. ಅಕ್ಕ ಬರುವವರೆಗೆ ಒಡತಿ ದಿನವೂ ಆಸ್ಪತ್ರೆಗೆ ಹೋಗಿ ಅವರ ತಲೆದಿಂಬು ಸರಿ ಮಾಡುತ್ತಿದ್ದಳು. ಅಕ್ಕ ಬಂದರು. ಆ ಇಬ್ಬರು ಹೆಂಗಸರು ಮೊದಲ ಬಾರಿ ಭೇಟಿಯಾದದ್ದು ಹಾಸಿಗೆಯ ಎರಡು ಬದಿಯಲ್ಲಿ. ಒಬ್ಬರ ಡಚ್ಚು ಇನ್ನೊಬ್ಬರಿಗೆ ಅರ್ಧಂಬರ್ಧ. ಆದರೂ ಇವರನ್ನು ಬೈಯುವುದರಲ್ಲಿ ಇಬ್ಬರಿಗೂ ಎಷ್ಟು ಹೊಂದಿಕೆಯಾಯಿತೆಂದರೆ, ಊರಿಗೆ ಮರಳಿದ ಮೇಲೂ ಪ್ರತಿ ಕ್ರಿಸ್‌ಮಸ್ಸಿಗೆ ಫೋನು ಹೋಗುತ್ತಿತ್ತು, ಬರುತ್ತಿತ್ತು. ‘ಅಲ್ಲಿ ನಮ್ಮ ಮನೆ ಉಂಟು’ ಎಂದು ಇವರು ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದರು. ಸಮುದ್ರದ ಪಕ್ಕದ ದೊಡ್ಡ ಹೋಟೆಲು ಹುಡುಕುತ್ತಿದ್ದ ಡಚ್ಚರು ಕೇಳಿದರೆ, ನೀರು ಸೋರುವ ಆ ಹೋಟೆಲಿನ ಹೆಸರನ್ನೇ ಸೂಚಿಸುತ್ತಿದ್ದರು.

ಏಳು ವರ್ಷ ಕಳೆದವು. ಅಷ್ಟರಲ್ಲಿ ನಾನು ಕೆಲಸ ಬದಲಿಸಿ ಆಮ್ಸ್ಟೆಲ್‌ವೀನಿಗೆ ಬಂದಿದ್ದೆ. 2018ರ ವಸಂತದಲ್ಲಿ ಅವರಿಗೆ ನಿವೃತ್ತಿ. ಆಫೀಸಿನಲ್ಲಿ ಸಮಾರಂಭ ಬೇಡ ಎಂದರು. ಡಚ್ಚರು ಒಂದೇ ಮಾತಿಗೆ ಒಪ್ಪಿ ಬಿಟ್ಟುಬಿಟ್ಟರು. ಅದಕ್ಕೆ ಮನೆಯಲ್ಲೇ ಒಂದು ಭಾನುವಾರ ಊಟ ಇಟ್ಟುಕೊಂಡರು. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ವಿಲ್ಲೆಮ್‌ಸ್ಟಾಡಿಗೆ ಹೊರಡುವವರಿದ್ದರು, ಅದೇ ಹೋಟೆಲಿಗೆ, ಈ ಸಲ ಬರೀ ತಿನ್ನುವುದಕ್ಕೆ ಮತ್ತು ಸೇತುವೆಯ ಮೇಲೆ ತಿರುಗುವುದಕ್ಕೆ. ‘ಆಕೆ ಆಗ್ಲೇ ರೂಮು ತೆಗ್ದಿಟ್ಟಿದ್ದಾಳೆ ಮಾರಾಯ್ರೆ’ ಎಂದು ಫೋನಿನಲ್ಲಿ ಹೇಳಿದಾಗ ಅವರ ದನಿ ಹುಡುಗನ ದನಿಯಂತಿತ್ತು.

ಆ ಭಾನುವಾರ ಹಳಿ ರಿಪೇರಿ ಎಂದು ಅರ್ಧ ದಾರಿಯಲ್ಲಿ ರೈಲಿನಿಂದ ಇಳಿಸಿ ಬಸ್ಸು ಹತ್ತಿಸಿದರು. ನಾನು ಅವರ ಮನೆ ತಲುಪುವಾಗ ಊಟ ನಡೆದಿತ್ತು. ಸೋಫಾಗಳನ್ನೆಲ್ಲ ಗೋಡೆಗೆ ತಳ್ಳಿ, ನೆಲದ ಮೇಲೆ ಬಾಳೆಲೆ ಹಾಕಿ, ಕನ್ನಡದ ಸಂಸಾರಗಳು ಸಾಲಾಗಿ ಕೂತಿದ್ದವು. ಕೊನೆಯಲ್ಲಿ ನಮ್ಮ ಹಳೆಯ ಮ್ಯಾನೇಜರ್ ಮಡಿಸಲಾಗದ ಮೊಣಕಾಲುಗಳನ್ನು ಹೇಗೋ ಮಡಿಸಿಕೊಂಡು ಕೈಯಲ್ಲಿ ಸಾರನ್ನ ಕಲಸುತ್ತಿದ್ದ. ಅಕ್ಕ ಒಳಗೆ ಒಲೆಯ ಮುಂದೆ. ಬಡಿಸುವವರು ಇವರೊಬ್ಬರೇ. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ಸಾಲಿನುದ್ದ ಉಪಚಾರ ಹೇಳುತ್ತಿದ್ದಾರೆ.

ನನ್ನನ್ನು ಕಂಡು ‘ಬನ್ನಿ ಬನ್ನಿ, ಎಲೆ ಹಾಕಿದೆ’ ಎಂದರು. ಎಂದವರು ಬಾಗಿಲ ಚೌಕಟ್ಟಿಗೆ ಒರಗಿದರು. ಮುಖ ಬೂದಿ ಬಣ್ಣ. ಹೊರಗೆ ಕೋಟು ಬಿಡಲಾಗದ ಚಳಿ, ಇವರ ಹಣೆಯಿಂದ ಬೆವರು ಇಳಿಯುತ್ತಿದೆ. ಎಡಗೈ ತೂಗುಬಿದ್ದಿದೆ.

‘ಸರ್! ಏನಾಗ್ತಿದೆ?’

‘ಎಂತ ಇಲ್ಲ. ಇನ್ನು ಪಾಯಸ, ಮತ್ತೆ ಮೊಸರು. ಅದು ಮುಗೀಲಿ, ಹೇಳುವ.’

ನಾನು ಎರಡನೆಯ ಸಲ ಕೇಳಲಿಲ್ಲ. ಫೋನು ತೆಗೆದು ಆಂಬುಲೆನ್ಸಿಗೆ 112 ಒತ್ತಿದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನ ಕೈ ಮುಟ್ಟದಿದ್ದವರು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ಫೋನ್ ಮಾಡ್ಬೇಡಿ ಮಾರಾಯ್ರೆ. ಎಲ್ರೂ ಎಲೆ ಬಿಟ್ಟು ಏಳ್ತಾರೆ.’

ಅದನ್ನು ಅವರು ಬೇಡಿಕೊಂಡರು. ಸುಮ್ಮನೆ ಹೇಳಲಿಲ್ಲ, ಬೇಡಿಕೊಂಡರು. ಪ್ರಾಣ ಹೋಗುತ್ತಿದ್ದ ಮನುಷ್ಯ ಬೇಡಿಕೊಂಡದ್ದು ಅದೊಂದನ್ನೇ! ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಪ್ರೀತಿ ಇದೆ, ಅಳು ಬರುತ್ತದೆ, ಎಲ್ಲ ಸರಿ. ಆದರೆ ಮೊದಲು ಬರುವುದು ಸಿಟ್ಟೇ.

ನಾನು ಗಟ್ಟಿಯಾಗಿ ವಿಳಾಸ ಹೇಳುತ್ತಿದ್ದದ್ದು ಕೇಳಿ ಎಲ್ಲರೂ ಎಲೆ ಬಿಟ್ಟು ಎದ್ದರು. ಎಂಜಲು ಕೈಯಲ್ಲೇ ಹಿಡಿದು ಅವರನ್ನು ಸೋಫಾದ ಮೇಲೆ ಮಲಗಿಸಿದರು. ‘ಆರ್ ಯು ಓಕೆ ಅಂತ ಈಗಷ್ಟೇ ಕೇಳಿದೆ, ಓಕೆ ಅಂದರು’ ಎಂದು ಮ್ಯಾನೇಜರ್ ಎಲ್ಲರಿಗೂ ಹೇಳುತ್ತಿದ್ದ, ಯಾರೂ ಕೇಳದಿದ್ದರೂ. ಅಕ್ಕ ಪಾಯಸದ ಸೌಟು ಹಿಡಿದುಕೊಂಡೇ ಓಡಿಬಂದು ಅವರ ತಲೆಯ ಹತ್ತಿರ ಕೂತರು.

ಆಂಬುಲೆನ್ಸ್ ಬೇಗ ಬಂತು, ಅದರಲ್ಲಿ ದೂರಲು ಏನೂ ಇಲ್ಲ. ಒಳಗೆ ಬಂದ ನರ್ಸ್ ಎದೆಗೆ ವೈರುಗಳನ್ನು ಅಂಟಿಸುತ್ತ ಡಚ್ಚಿನಲ್ಲಿ ಕೇಳಿದ. ‘ಮೆನೇರ್, ಒಂದರಿಂದ ಹತ್ತರೊಳಗೆ ನೋವು ಎಷ್ಟು?’

‘ಮೂರು,’ ಎಂದರು ಇವರು. ಸ್ವಲ್ಪ ಯೋಚಿಸಿ, ‘ನಾಲ್ಕು ಇರಬಹುದು.’

‘ನಂಬಬೇಡಿ ಅವರನ್ನ!’ ಎಂದು ನಾನು ಕಿರುಚಿದೆ.

‘ಮೇಫ್ರೌ, ಅವರೇ ಉತ್ತರ ಹೇಳಲಿ’ ಎಂದು ನರ್ಸ್ ಸಮಾಧಾನದಿಂದ ನನಗೆ ಹೇಳಿದ. ಆಮೇಲೆ ಮಷೀನು ನೋಡಿದ. ಮತ್ತೆ ಯಾರನ್ನೂ ಏನೂ ಕೇಳಲಿಲ್ಲ.

ಸ್ಟ್ರೆಚರ್ ಹೊರಡುವಾಗ ಅವರು ಅರ್ಧ ಉಂಡ ಎಲೆಗಳ ಸಾಲಿನ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮಾಸ್ಕು ಹಾಕಿದ್ದರಿಂದ ಕೇಳಿಸಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ನೋವು ಬೆಳಗಿನಿಂದಲೇ ಇದ್ದಿರಬೇಕು, ಕೆಲವು ಗಂಟೆ ಮುಂಚೆ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದಾಗ ನಾವೆಲ್ಲ ಕಾರಿಡಾರಿನಲ್ಲಿ ಕಲ್ಲಿನಂತೆ ನಿಂತಿದ್ದೆವು. ಯಾರೊಬ್ಬರಿಗೂ ಅಳುವುದು ಹೊಳೆಯಲಿಲ್ಲ. ಮನೆಗೆ ಬಂದರೆ ಎಲೆಗಳು ಹಾಗೇ ಇದ್ದವು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಹೋದೆ. ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದರು. ‘ಆ ಹೋಟೆಲಿನವಳಿಗೆ ಹೇಳ್ಬೇಕಲ್ಲ ಮಾರಾಯ್ತಿ. ರೂಮು ಹಿಡಿದಿಟ್ಟಿದ್ದಾಳೆ. ನನ್ನಿಂದ ಆಗುದಿಲ್ಲ, ನೀನು ಮಾಡು’ ಎಂದರು. ಅಲ್ಲೇ ಕೂತು ಫೋನ್ ಹಚ್ಚಿದೆ. ಅಕ್ಕನಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದೆ.

‘ದುಶಿ!’ ಎಂಬ ಭಾರೀ ದನಿ ಅಡಿಗೆಮನೆ ತುಂಬಿತು.

ಹೇಗೆ ಶುರು ಮಾಡುವುದೋ ತಿಳಿಯದೆ, ‘ಅವರು ಬರುತ್ತಿಲ್ಲ’ ಎಂದೆ.

‘ಯಾರು ಹೇಳಿದ್ದು? ಅವನೇ ಹೇಳಿದನಾ?’ ಅವಳು ಗಟ್ಟಿಯಾಗಿ ನಕ್ಕಳು. ‘ನನಗೆ ತೊಂದರೆ ಅಂತ ತಾನೇ? ಅವನ ಮಾತು ನಂಬಬೇಡ. ಹೋಗಿ ಇನ್ನೊಂದು ಸಲ ಕೇಳು.’

ಆದದ್ದನ್ನೆಲ್ಲ ಹೇಳಿದೆ. ಅವಳು ತನ್ನ ಭಾಷೆಯಲ್ಲಿ ಏನೋ ಕೂಗಿಕೊಂಡಳು. ಯಾರೋ ಬಂದು ಫೋನು ತೆಗೆದುಕೊಂಡು ಇಟ್ಟುಬಿಟ್ಟರು.

ಅಕ್ಕ ಮೇಜಿನ ಮೇಲೆ ಕೈಯಿಟ್ಟುಕೊಂಡು ಆ ಫೋನನ್ನೇ ನೋಡುತ್ತಿದ್ದರು.

‘ಅವತ್ತು ಬೆಳಿಗ್ಗೆ ಎದೆ ಉಜ್ಜಿಕೊಳ್ತಾ ಇದ್ರು,’ ಎಂದರು. ‘ನಾನು ತೆಂಗಿನಕಾಯಿ ತುರೀತಾ ಇದ್ದೆ. ಎಂತಾಯ್ತು ಅಂತ ಕೇಳಿದೆ. ದಾಲ ಇಜ್ಜಿ ಅಂದ್ರು, ಎಂತ ಇಲ್ಲ ಅಂತ. ಅಷ್ಟೊತ್ತಿಗೆ ಕುಕ್ಕರ್ ಕೂಗಿತು, ಎದ್ದು ಹೋದೆ. ಮದುವೆ ಆದ್ಮೇಲೆ ಒಂದೇ ಸಲ ಕೇಳಿ ಬಿಟ್ಟದ್ದು ಅವತ್ತೇ.’

ಏನಾದರೂ ಹೇಳಲೇಬೇಕಿತ್ತು.

‘ಅಕ್ಕ, ನೀವು ಮೂರು ಸಲ ಕೇಳಿದ್ರೂ ಅವರು ಅದನ್ನೇ ಹೇಳ್ತಿದ್ರು. ಅವರ ಸ್ವಭಾವ ನಿಮಗೆ ಗೊತ್ತಿಲ್ವಾ?’

ಅಕ್ಕ ತಲೆಯಾಡಿಸಿದರು.

‘ಇಲ್ಲ ಮಾರಾಯ್ತಿ. ಮೂರನೇ ಸಲ ಕೇಳಿದ್ರೆ ಅವ್ರು ಯಾವತ್ತೂ ಸುಳ್ಳು ಹೇಳ್ತಿರ್ಲಿಲ್ಲ.’